ಅಂಗಡಿಯಮ್ಮನ ಲೈಸೆನ್ಸು

ಹೋದ ವಾರ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ತೋಳು ತಣ್ಣಗಾಯಿತು, ವಾಸನೆ ಮೂಗಿಗೇರಿತು. ಸೂಜಿ ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಮಳವಳ್ಳಿಯ ಒಂದು ಹಜಾರ, ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು, ಅದರ ಮೇಲೆ ಸಾಲಾಗಿ ಕೂತ ಗಂಡಸರು, ಅವರೆದುರಿಗೆ ಮಣೆಯ ಮೇಲೆ ಕಾಲು ಚಾಚಿ ಕೂತ ಆಕೆ... ಎಲ್ಲ ಒಟ್ಟಿಗೆ ಬಂದು ನಿಂತಿತು. ಆಕೆ ಹೋಗಿ ನಲವತ್ತು ವರ್ಷದ ಮೇಲಾಯಿತು.

ಆಕೆಯನ್ನು ನೆನೆದರೆ ನನಗೆ ಮೊದಲು ಬರುವುದು ಹೊಟ್ಟೆಕಿಚ್ಚು. ಗೌರವ ಅದರ ಹಿಂದೆ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವ ಅಗತ್ಯವೇ ಇಲ್ಲ.

ಎಲ್ಲರೂ ಆಕೆಯನ್ನು ಅಂಗಡಿಯಮ್ಮ ಎನ್ನುತ್ತಿದ್ದರು. ಆಕೆಯ ಗಂಡ ಮಳವಳ್ಳಿಯ ಸಾರಾಯಿ ಅಂಗಡಿಯನ್ನು ಹರಾಜಿನಲ್ಲಿ ಹಿಡಿದು ನಡೆಸುತ್ತಿದ್ದವರು. ಅವರು ಸತ್ತ ಮೇಲೆ ಆಕೆ ಅಂಗಡಿ ಮುಚ್ಚಿದಳು, ಹೆಸರು ಮಾತ್ರ ಉಳಿಯಿತು.

ನಾನು ಹೊಳಲಿನ ರೈತರ ಮನೆಯ ಮಗಳು. ಅಪ್ಪ ಹಟ ಹಿಡಿದು ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬಿಟ್ಟು ಓದಿಸಿದರು. ಅಲ್ಲಿ ಏಳುವುದಕ್ಕೆ ಒಂದು ಗಂಟೆ, ಮೀಯುವುದಕ್ಕೆ ಒಂದು ಗಂಟೆ, ಉಣ್ಣುವುದಕ್ಕೆ ಇನ್ನೊಂದು. ಹಾಸಿಗೆಯ ಮಡಿಕೆ ಸೊಟ್ಟಗಿದ್ದರೆ ವಾರ್ಡನ್ನಮ್ಮ ಬಿಚ್ಚಿಸಿ ಮತ್ತೆ ಮಡಿಸಲು ಹೇಳುತ್ತಿದ್ದರು. ಉಳಿದ ಹುಡುಗಿಯರು ಅಳುತ್ತಿದ್ದರು. ನನಗೆ ಅದು ಹಿಡಿಸಿತು. ಯಾವ ಕೆಲಸ ಯಾವ ಹೊತ್ತಿಗೆ ಎಂದು ಗೊತ್ತಿದ್ದರೆ ಮನಸ್ಸಿಗೆ ಎಷ್ಟು ನೆಮ್ಮದಿ ಎಂಬುದನ್ನು ಅಲ್ಲಿ ಕಲಿತೆ, ಇವತ್ತಿಗೂ ಬಿಟ್ಟಿಲ್ಲ. ಓದು ಮುಗಿದ ಮೇಲೆ ಮದ್ದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು. ನಮ್ಮವರು ಮಂಡ್ಯದಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವ ಗುಮಾಸ್ತರು; ಹುಟ್ಟೂರು ಮಳವಳ್ಳಿಯ ಪಕ್ಕದ ಹಳ್ಳಿ. ಮದ್ದೂರಿನಿಂದ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು.

ಕುಡಿಯುತ್ತಾರೆಂಬುದು ಮದುವೆಯಾದ ಮೇಲೆ ತಿಳಿಯಿತು. ಬೈಯುವವರಲ್ಲ, ಹೊಡೆಯುವವರಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು, ಅಷ್ಟೆ. ನಾನು ಸುಮ್ಮನೆ ಕೂರುವವಳಲ್ಲ. ಗೋಡೆಯ ಮೇಲೆ ವೇಳಾಪಟ್ಟಿ ಬರೆದು ಅಂಟಿಸಿದೆ. ಸಂಜೆ ರೈಲಿನ ಹೊತ್ತಿಗೆ ಸ್ಟೇಷನ್ನಿನಲ್ಲಿ ಹೋಗಿ ನಿಂತೆ; ಅವರು ಆಚೆ ಬಾಗಿಲಿನಿಂದ ಹಳಿಯ ಕಡೆಗೆ ಇಳಿದು ಹೋದರು. ನಾಟಿ ವೈದ್ಯರ ಪುಡಿಯನ್ನು ಸಾರಿಗೆ ಬೆರೆಸಿದೆ. ಸಾರು ಕಹಿಯೆಂದು ಊಟ ಬಿಟ್ಟರು, ಕುಡಿತ ಬಿಡಲಿಲ್ಲ. ಕಡೆಗೆ ಮನೆದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದೆ. ಪಾಪ, ಆ ಆಣೆಯನ್ನು ಅವರು ಉಳಿಸಿಕೊಂಡರು. ಮಾರನೆಯ ದಿನಕ್ಕೆ ಮೈಯೆಲ್ಲ ನಡುಕ. ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸತೊಡಗಿದರು. ಆಮೇಲೆ ಹಲ್ಲು ಕಚ್ಚಿಕೊಂಡು ಬಿದ್ದುಬಿಟ್ಟರು. ಓಡಿಬಂದ ಕಂಪೌಂಡರು, ಜೀವ ಉಳಿಯಬೇಕಾದರೆ ಒಂದಿಷ್ಟು ಸಾರಾಯಿ ಕುಡಿಸಿ ಎಂದರು. ನನ್ನ ಕೈಯಿಂದಲೇ ಕುಡಿಸಿದೆ. ಕೆಲಸದ ಕಡೆಯಿಂದಲೂ ಮಾತು ಬಂತು, ಇನ್ನೊಂದು ಸಲ ಹೀಗೆ ತಪ್ಪಿಸಿಕೊಂಡರೆ ಬರುವುದೇ ಬೇಡ ಎಂದು.

ಆಗ ನನ್ನ ಭಾವ, ನಮ್ಮವರ ಅಣ್ಣ, ಊರಿನಿಂದ ಬಂದರು. ತಮ್ಮನನ್ನು ನೋಡಿ, ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತು, "ಅಂಗಡಿಯಮ್ಮನ ತಾವ್ಕೆ ಕರ್ಕೊಂಡೋಗವ್ವ" ಎಂದರು.

ಸಾರಾಯಿ ಅಂಗಡಿಗೆ ಕರೆದುಕೊಂಡು ಹೋಗು ಎನ್ನುತ್ತೀರಾ ಎಂದು ಕೇಳಿದೆ.

"ಈಗದು ಅಂಗಡಿ ಅಲ್ಲ ಕಣವ್ವ. ಬುಡಿಸೋ ಮನೆ. ನಮ್ಮೂರಲ್ಲೇ ಇಬ್ರು ಬುಟ್ಟವ್ರೆ."

ಯುದ್ಧದ ಕಾಲ. ಪೆಟ್ರೋಲು ಇಲ್ಲದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ದಿಣ್ಣೆ ಬಂದರೆ ನಿಂತುಬಿಡುತ್ತಿದ್ದವು. ಗಂಡಸರೆಲ್ಲ ಇಳಿದು ತಳ್ಳಬೇಕು. ನಡುಗುವ ಕೈಗಳಲ್ಲಿ ನಮ್ಮವರೂ ತಳ್ಳಿದರು. ಮಳವಳ್ಳಿಯಲ್ಲಿ ಇಳಿದಾಗ ಇಬ್ಬರ ಮುಖದ ಮೇಲೂ ಮಸಿ.

ಆಕೆ ದಪ್ಪನೆಯ ಹೆಂಗಸು. ಬಾಯಿ ತುಂಬ ಎಲೆ ಅಡಿಕೆ, ದೊಡ್ಡ ಗಂಟಲು. ಹಜಾರದಲ್ಲಿ ಒಂದು ಚೊಂಬೂ ಅದರ ಜಾಗದಲ್ಲಿರಲಿಲ್ಲ. ನನ್ನನ್ನು ನೋಡಲೇ ಇಲ್ಲ, ನನ್ನ ಭುಜದಾಚೆ ನೋಡಿದಳು.

"ಬಾರ್ಲಾ ಬಡ್ಡೆತ್ತದೆ. ಎಷ್ಟ್ ವರ್ಸ ಆಯ್ತ್ಲಾ ನಿನ್ ಮಕ ಕಂಡು. ಇನ್ನೂ ಪದ ಹೇಳ್ತೀಯೋ, ಅದ್ನೂ ಬುಟ್ಯೋ?"

ನಮ್ಮವರು ತಲೆ ತಗ್ಗಿಸಿ ನಕ್ಕರು. ಅವರು ಹಾಡುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಕೇಳಿದೆ.

"ಅಯ್ಯೋ, ನಿಂಗೊತ್ತಿಲ್ವಾ ತಾಯಿ?" ಎಂದಳು ಆಕೆ. "ಉಡುಗ್ನಾಗಿದ್ದಾಗ ಈ ಬೆಂಚಿನ್ ಮ್ಯಾಲೆ ಕೂತ್ಕಂಡು ಸುರು ಮಾಡುದ್ರೆ ಸಂತೆಗ್ ಬಂದೋರೆಲ್ಲ ಬಾಗ್ಲಲ್ಲಿ ನಿಂತ್ಕಬುಡೋರು."

ಅಲ್ಲಿಂದ ಶುರುವಾಯಿತು. ಆಕೆ ನಮ್ಮವರಿಗೆ ತಾಯಿಯ ವಯಸ್ಸಿನವಳು. ಚಿಕ್ಕ ವಯಸ್ಸಿನ ಹೆಣ್ಣಾಗಿದ್ದರೆ ಹೇಗೆ ಜಗಳವಾಡಬೇಕೆಂದು ನನಗೆ ತಿಳಿಯುತ್ತಿತ್ತು. ಆದರೆ ನನ್ನ ಗಂಡನ ಬಗ್ಗೆ ನನಗಿಂತ ಹೆಚ್ಚು ತಿಳಿದ ಒಬ್ಬ ಮುದುಕಿಯ ಜೊತೆ ಏನೆಂದು ಜಗಳವಾಡುವುದು? ಅವರನ್ನು ಅಲ್ಲಿ ಬಿಟ್ಟು ಬಸ್ಸು ಹತ್ತಿದೆ. ಮದ್ದೂರು ಬರುವವರೆಗೂ, ಅವರು ಯಾವ ಪದ ಹಾಡುತ್ತಿದ್ದಿರಬಹುದು ಎಂದೇ ಯೋಚಿಸುತ್ತಿದ್ದೆ.

ಆಕೆಯ ಕ್ರಮ ಹೀಗಿತ್ತು. ಬಂದವನಿಗೆ ಒಂದೇ ಸಲ ಕುಡಿತ ನಿಲ್ಲಿಸುವಂತಿಲ್ಲ. ಆಕೆಯ ಗಂಡ ದೇವಸ್ಥಾನದಲ್ಲಿ ಆಣೆ ಇಟ್ಟು ಒಂದೇ ಏಟಿಗೆ ಬಿಟ್ಟು, ಫಿಟ್ಸು ಬಂದು, ಅದೇ ವಾರ ಸತ್ತವರು. ಹಾಗಾಗಿ ದಿನವೂ ಸ್ವಲ್ಪ ಸಾರಾಯಿ ಕೊಡುವುದು, ದಿನದಿನಕ್ಕೆ ಕಡಿಮೆ ಮಾಡುತ್ತ ಹೋಗುವುದು. ಜೊತೆಗೆ ರಾಗಿ ಅಂಬಲಿ, ಮಜ್ಜಿಗೆ, ಎಣ್ಣೆನೀರು. ಹಗಲೆಲ್ಲ ಸೆಣಬಿನ ಹಗ್ಗ ಹೊಸೆಯಬೇಕು. ನಡುಗುವ ಕೈಗೆ ಹಗ್ಗ ಒಳ್ಳೆಯದು, ಹುರಿ ಬಿಗಿಯಾದಂತೆ ಕೈಯೂ ಬಿಗಿಯಾಗುತ್ತದೆ ಎನ್ನುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಅಲ್ಲಿ ಯಾರೂ ತನ್ನ ಲೋಟಕ್ಕೆ ತಾನು ಬಗ್ಗಿಸಿಕೊಳ್ಳುವಂತಿಲ್ಲ. ಮೊದಲು ಬಂದವನು ಆಮೇಲೆ ಬಂದವನಿಗೆ ಬಗ್ಗಿಸಬೇಕು. ಒಂದು ಹನಿ ಹೆಚ್ಚು ಬಿದ್ದರೂ ಬೆಂಚಿನ ಮೇಲಿದ್ದವರೆಲ್ಲ ಕೂಗುತ್ತಿದ್ದರು.

ನಮ್ಮವರು ಅಲ್ಲಿ ಸುಧಾರಿಸಿದರು. ಶಾಲೆಗೆ ರಜೆಯಿದ್ದ ಭಾನುವಾರ ನಾನು ಹೋಗಿ ನೋಡಿ ಬರುತ್ತಿದ್ದೆ. ಕಣ್ಣು ತಿಳಿಯಾಗಿತ್ತು, ಮುಖದಲ್ಲಿ ರಕ್ತ ಬಂದಿತ್ತು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಯಲ್ಲೇ, ಇಷ್ಟು ಸುಲಭದ್ದು ನನ್ನ ಕೈಯಲ್ಲಿ ಯಾಕೆ ಆಗಲಿಲ್ಲ ಎಂದು ಎದೆಯೊಳಗೆ ಯಾರೋ ಕಡ್ಡಿ ಆಡಿಸಿದ ಹಾಗೆ...

ಅಷ್ಟರಲ್ಲಿ ಊರಿನಲ್ಲಿ ಅಂಗಡಿ ಹಿಡಿದಿದ್ದ ಹೊಸ ಗುತ್ತಿಗೆದಾರ ದೂರು ಕೊಟ್ಟ. ಲೈಸೆನ್ಸಿಲ್ಲದೆ ಸಾರಾಯಿ ಇಟ್ಟಿದ್ದಾರೆ ಎಂದು. ಅಬಕಾರಿಯವರು ಬಂದು ಮಡಕೆ ಎತ್ತಿಕೊಂಡು ಹೋದರು. ಕಾನೂನು ಅವರ ಕಡೆಗಿತ್ತು, ಅವರದು ತಪ್ಪೆನ್ನುವಂತಿಲ್ಲ. ಅವತ್ತು ಸಂಜೆ ಆತಗೂರು ಕಡೆಯ ಒಬ್ಬ ಗಾಡಿಯವನು ಫಿಟ್ಸು ಬಂದು ಬೆಂಚಿನಿಂದ ಕೆಳಗೆ ಬಿದ್ದ. ಉಳಿದುಕೊಂಡ, ಆದರೆ ನಾಲಿಗೆ ಕಚ್ಚಿಕೊಂಡು ಮಾತು ತೊದಲಾಯಿತು. ಮುಂದಿನ ಭಾನುವಾರ ನಾನು ಹೋದಾಗ ಆಕೆ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ನನ್ ಮನೆಗೂ ಒಂದ್ ಲೈಸನ್ಸ್ ಬೇಕು ಮೇಷ್ಟ್ರಮ್ಮ. ಅರ್ಜಿ ಬರ್ಕೊಡು."

ಬರೆದೆ. ಲೈಸೆನ್ಸು ಬಂದರೆ ನಮ್ಮವರ ಚಿಕಿತ್ಸೆ ನಿಲ್ಲದೆ ಮುಗಿಯುತ್ತದೆ, ಮುಗಿದರೆ ಮನೆಗೆ ಬರುತ್ತಾರೆ. ನನ್ನ ಲೆಕ್ಕ ಅದು.

ಲೈಸೆನ್ಸಿಗೆ ತಿರುಗಿದ್ದು ಒಂದು ಸಲವಲ್ಲ. ಮಳವಳ್ಳಿಯಲ್ಲಿ ಅಮಲ್ದಾರರ ಕಚೇರಿ, ಅಲ್ಲಿಂದ ಮಂಡ್ಯದ ಕಚೇರಿ, ಅಲ್ಲಿಂದ ಮತ್ತೆ ಮಳವಳ್ಳಿ. ಸಾರಾಯಿ ಮಾರುವವನಿಗೆ ಒಂದು ಬಗೆಯ ಲೈಸೆನ್ಸಿತ್ತು, ಔಷಧದಂಗಡಿಗೆ ಇನ್ನೊಂದು ಬಗೆ. ಕುಡಿತ ಬಿಡಿಸಲು ಸಾರಾಯಿ ಇಟ್ಟುಕೊಳ್ಳುವವರನ್ನು ಯಾವ ಕಾಯಿದೆಯೂ ನೆನೆದಿರಲಿಲ್ಲ. ಮಾರುತ್ತೇನೆ ಎಂದು ಬರೆದುಕೊಡಿ, ಅದಕ್ಕೆ ದಾರಿಯಿದೆ ಎಂದರು ಶಿರಸ್ತೇದಾರರು. ಅವರೂ ಸಹಾಯ ಮಾಡಲೆಂದೇ ಹೇಳಿದ್ದು.

"ಸ್ವಾಮಿ, ಕುಡ್ಸೋಕೆ ಕೊಡ್ತೀರಿ, ಬುಡ್ಸೋಕೆ ಕೊಡಾಕಿಲ್ವಾ?" ಎಂದಳು ಆಕೆ. ಕಚೇರಿಯಲ್ಲಿ ಬರೆಯುತ್ತಿದ್ದವರೆಲ್ಲ ತಲೆಯೆತ್ತಿದರು. ನನಗೆ ನಾಚಿಕೆಯಾಯಿತು. ಅಂಥ ಮಾತು ನನ್ನ ಬಾಯಿಗೆ ಬರಲಿಲ್ಲವಲ್ಲ ಎಂದು ಅದರ ಹಿಂದೆಯೇ ಅನಿಸಿತು.

ಕಡೆಗೆ ಮಂಡ್ಯದ ಸಾಹೇಬರೊಬ್ಬರು ಮನಸ್ಸು ಮಾಡಿದರು. ಔಷಧದಂಗಡಿಯ ಲೈಸೆನ್ಸನ್ನೇ ಸ್ವಲ್ಪ ತಿದ್ದಿ ಕೊಡೋಣ ಎಂದರು. ಅದಕ್ಕೆ ಕೆಲವು ಕರಾರುಗಳು. ಸಾರಾಯಿ ಬೀಗದ ಪೆಟ್ಟಿಗೆಯಲ್ಲಿರಬೇಕು, ಬೀಗದ ಮೇಲೆ ಕಚೇರಿಯ ಮೊಹರಿನ ಗುರುತಿರಬೇಕು. ಸರ್ಕಾರಿ ಡಾಕ್ಟರು ವಾರಕ್ಕೊಮ್ಮೆ ಬಂದು ನೋಡಬೇಕು. ಅಲ್ಲಿ ದಿನವಿಡೀ ಏನು ನಡೆಯುತ್ತದೆ ಎಂಬುದನ್ನು ಬರೆದು ಗೋಡೆಗೆ ಹಾಕಬೇಕು. ಆ ಕೊನೆಯದು ನನ್ನ ಕೆಲಸ. ಏಳುವುದು, ಮೀಯುವುದು, ಅಂಬಲಿ, ಹಗ್ಗ, ಊಟ, ಮಲಗುವುದು. ನಮ್ಮ ಮನೆಯ ಗೋಡೆಯ ಮೇಲಿದ್ದ ವೇಳಾಪಟ್ಟಿಯನ್ನೇ ಸ್ವಲ್ಪ ಬದಲಿಸಿ ಬರೆದುಕೊಟ್ಟೆ. ಅದನ್ನು ಕೊಡಲು ಹೋದ ದಿನ ನಮ್ಮವರೂ ಜೊತೆಗೆ ಬಂದಿದ್ದರು. ಸಾಹೇಬರು ಓದಿ, ಬಹಳ ಚೆನ್ನಾಗಿದೆ ಎಂದರು.

ಆಮೇಲೆ, ಲೈಸೆನ್ಸು ಯಾರ ಹೆಸರಿಗೆ ಎಂದು ಕೇಳಿದರು. ಓದು ಬರಹ ಬಲ್ಲ ಗಂಡಸಾಗಿರಬೇಕು. ಆ ಮನೆಯಲ್ಲೇ ವಾಸವಿರಬೇಕು. ಕೀಲಿಕೈ ಅವನ ಹತ್ತಿರವೇ ಇರಬೇಕು, ಅವನೇ ಅಳೆದು ಬಗ್ಗಿಸಬೇಕು, ಬೇರೆ ಯಾರೂ ಪೆಟ್ಟಿಗೆ ಮುಟ್ಟುವಂತಿಲ್ಲ. ಅಂಗಡಿಯಮ್ಮನಿಗೆ ಅಂಥ ಗಂಡಸು ಯಾರೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಕೆಲಸ ಕೆಟ್ಟಿತು ಎಂದುಕೊಂಡೆ ನಾನು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ನಾನಿದ್ದೀನಿ ಸ್ವಾಮಿ" ಎಂದರು ನಮ್ಮವರು.

ಅವರ ಚಿಕಿತ್ಸೆ ಮುಗಿಯುತ್ತ ಬಂದಿತ್ತು. ಮುಂದಿನ ವಾರ ಮನೆಗೆ ಕರೆದುಕೊಂಡು ಹೋಗುವುದೆಂದು ನಾನು ಹಾಸಿಗೆಯ ಹತ್ತಿಯನ್ನು ಹೊಡೆಸಿ, ಹೊಸ ದುಪ್ಪಟಿ ತಂದಿಟ್ಟಿದ್ದೆ. ಅವರು ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಸಾಹೇಬರು ಅವರ ಹೆಸರು ಕೇಳಿದರು, ಬರೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಮದ್ದೂರು ಬಂದಾಗ ನಾನು ಇಳಿದೆ. ಅವರಿಬ್ಬರು ಮಳವಳ್ಳಿಗೆ ಹೋದರು.

ಲೈಸೆನ್ಸು ಬಂತು. ಅದರ ಜೊತೆಗೆ, ಸಾರಾಯಿ ಇಟ್ಟುಕೊಳ್ಳುವ ಯಾವ ಮನೆಯ ಮುಂದೆಯೂ ತೂಗುಹಾಕಬೇಕಾದ ಸರ್ಕಾರಿ ಬೋರ್ಡೂ ಬಂತು. ಮುಂದೇನಾಯಿತೆಂಬುದನ್ನು ಹೇಳಬೇಕಾಗಿಲ್ಲ. ಸಂತೆಯ ದಿನ ಸುತ್ತಲಿನ ಊರಿನವರೆಲ್ಲ ಬೋರ್ಡು ನೋಡಿ, ಹಳೆಯ ಅಂಗಡಿ ಮತ್ತೆ ತೆಗೆದಿದೆ ಎಂದುಕೊಂಡು ನುಗ್ಗಿದರು. ಆಕೆ ಒಬ್ಬರನ್ನೂ ವಾಪಸು ಕಳಿಸಲಿಲ್ಲವಂತೆ. ಬೆಂಚಿನ ಮೇಲೆ ಕೂರಿಸಿ, ಕೈಗೊಂದೊಂದು ಅಂಬಲಿಯ ಬಟ್ಟಲು ಕೊಟ್ಟಳಂತೆ. ಕೆಲವರು ಬೈದುಕೊಂಡು ಎದ್ದುಹೋದರು. ಕೆಲವರು ಅಂಬಲಿ ಕುಡಿದು ಹೋದರು. ಒಂದಿಬ್ಬರು ಉಳಿದುಕೊಂಡರು. ಅದನ್ನು ನಮ್ಮವರು ನನಗೆ ಹೇಳುವಾಗ ನಗು ತಡೆಯಲಾರದೆ ಬೆಂಚು ಹಿಡಿದುಕೊಂಡರು. ಅವರು ಹಾಗೆ ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಹೋದಾಗಲೆಲ್ಲ ಗೋಡೆಯ ಮೇಲೆ ನನ್ನ ಅಕ್ಷರ ಕಾಣುತ್ತಿತ್ತು. ನನ್ನ ಮನೆಯಲ್ಲಿ ಒಂದು ದಿನವೂ ನಡೆಯದ ವೇಳಾಪಟ್ಟಿ ಆಕೆಯ ಮನೆಯಲ್ಲಿ ಗಡಿಯಾರದ ಹಾಗೆ ನಡೆಯುತ್ತಿತ್ತು. ಆಕೆಗೆ ಓದಲು ಬರುತ್ತಿರಲಿಲ್ಲ, ಹೊತ್ತು ಗೊತ್ತಿನ ಪರಿವೆ ಇರಲಿಲ್ಲ. ಅದನ್ನು ನಡೆಸುತ್ತಿದ್ದವರು ನಮ್ಮವರು. ಸರಿಯಾದ ಹೊತ್ತಿಗೆ ಎಬ್ಬಿಸುವುದು, ಮೀಯಿಸುವುದು, ಪೆಟ್ಟಿಗೆ ತೆಗೆದು ಒಬ್ಬೊಬ್ಬರಿಗೂ ಅಳೆದು ಬಗ್ಗಿಸುವುದು. ಬಗ್ಗಿಸುವವರ ಮೂಗಿಗೆ ದಿನವೂ ಆ ವಾಸನೆ. ಆದರೂ ಒಂದು ಹನಿ ನಾಲಿಗೆಗೆ ಸೋಕಿಸಲಿಲ್ಲ. ಹಗ್ಗ ಹೊಸೆಯುವಾಗ ಪದ ಹಾಡುತ್ತಿದ್ದರು. ನಾನು ಹಜಾರಕ್ಕೆ ಕಾಲಿಟ್ಟರೆ ನಿಲ್ಲಿಸುತ್ತಿದ್ದರು. ಮೊದಮೊದಲು ಬಾಗಿಲ ಹೊರಗೇ ನಿಂತು ಕೇಳುತ್ತಿದ್ದೆ.

ದಸರಾ ರಜೆಯಲ್ಲಿ ಒಂದು ದಿನ ಆಕೆಯ ಹತ್ತಿರವೇ ಹೇಳಿದೆ. ಅವರಿಗೆ ವಾಸಿಯಾಗಿ ಎಷ್ಟೋ ಕಾಲವಾಯಿತು, ಇನ್ನು ಮನೆಗೆ ಕಳಿಸಿಕೊಡಿ ಎಂದೆ. ಆಕೆ ಎಲೆ ಅಡಿಕೆ ಉಗಿದು ಬಂದು, "ನಾನೇನ್ ಕಟ್ಟಾಕಿದ್ದೀನಾ ತಾಯಿ? ನಿನ್ ಗಂಡ. ಕರ್ಕೊಂಡೋಗು" ಎಂದಳು. ಮುಖ ಮಾತ್ರ ಬೇರೆ ಕಡೆ ತಿರುಗಿತ್ತು. ಬೇರೆ ಯಾರನ್ನಾದರೂ ಗೊತ್ತುಮಾಡಿ ಲೈಸೆನ್ಸಿನ ಹೆಸರು ಬದಲಾಯಿಸುವುದು, ಅಲ್ಲಿಯವರೆಗೆ ಹೇಗೋ ನೋಡಿಕೊಳ್ಳುವುದು ಎಂದು ಮಾತಾಯಿತು. ನಮ್ಮವರು ಬಟ್ಟೆಯ ಗಂಟು ಕಟ್ಟಿಕೊಂಡು ನನ್ನ ಹಿಂದೆ ಬಂದರು.

ಮದ್ದೂರಿನ ಮನೆಯಲ್ಲಿ ಎಲ್ಲ ಅಣಿಯಾಗಿತ್ತು. ಹೊತ್ತಿಗೆ ಸರಿಯಾಗಿ ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ. ಅವರು ಕುಡಿಯಲು ಹೋಗಲಿಲ್ಲ. ಮನೆಯಿಂದ ಆಚೆಗೇ ಹೋಗಲಿಲ್ಲ. ಆದರೆ ಕೈ ನಡುಗತೊಡಗಿತು. ಕಾಫಿಯ ಲೋಟವನ್ನು ಎರಡು ಕೈಯಲ್ಲೂ ಹಿಡಿದು, ತುಟಿಗೆ ತರಲಾಗದೆ ಕೆಳಗಿಟ್ಟರು. ನಾನು ಒರೆಸುವ ಬಟ್ಟೆ ತಂದೆ.

"ನೀನೇನೂ ಅನ್ನೋದಿಲ್ಲ. ಆದ್ರೂ ಇಲ್ಲಿ ಕೂರೋಕೇ ಭಯ ಆಗ್ತದೆ ಕಣೆ" ಎಂದರು.

ಭಯವೆಂದರೆ ಯಾವುದಕ್ಕೆ ಎಂದು ಕೇಳಿದೆ. ತಿಳಿಯದು ಎಂದರು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯಮ್ಮ ನಮ್ಮ ಮನೆಯ ಮುಂದೆ ಬಂದು ನಿಂತಳು. ಸೀರೆಯ ತುಂಬ ಇದ್ದಿಲಿನ ಮಸಿ, ಬೆವರು, ಏದುಸಿರು. ಬರುವ ಬಸ್ಸು ದಾರಿಯಲ್ಲಿ ಕೆಟ್ಟು ಅರ್ಧ ದಾರಿ ನಡೆದು ಬಂದಿದ್ದಳು. ಒಳಗೆ ಬನ್ನಿ ಎಂದೆ. ಜಗುಲಿಗೂ ಹತ್ತಲಿಲ್ಲ.

"ಕೀಲಿಕೈ ಎಲ್ಲೈತ್ಲಾ?" ಎಂದಳು.

ನಮ್ಮವರ ಕೈ ಸೊಂಟಕ್ಕೆ ಹೋಯಿತು. ನಮ್ಮ ಕಡೆಯ ಗಂಡಸರೆಲ್ಲರ ಹಾಗೆ ಅವರೂ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಮೀಯುವಾಗಲೂ ಬಿಚ್ಚದ ದಾರ. ಅದು ಮೈಯ ಭಾಗವೇ ಆಗಿ, ಕೊಟ್ಟು ಬರಬೇಕೆಂಬುದು ಅವರಿಗೂ ಹೊಳೆದಿರಲಿಲ್ಲ, ಕೇಳಿ ಇಟ್ಟುಕೊಳ್ಳಬೇಕೆಂಬುದು ಆಕೆಗೂ ಹೊಳೆದಿರಲಿಲ್ಲ. ಕರಾರುಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೂ ಹೊಳೆದಿರಲಿಲ್ಲ. ಪೆಟ್ಟಿಗೆ ಮುಚ್ಚಿದಂತೆಯೇ ಇತ್ತು. ಬೀಗ ಒಡೆದರೆ ಲೈಸೆನ್ಸು ಹೋಗುತ್ತದೆ. ಒಡೆಯದಿದ್ದರೆ ಬೆಂಚಿನ ಮೇಲಿನವರ ಗತಿ ಏನು?

"ಮೂರ್ ಜನ ಒದ್ದಾಡ್ತಾವ್ರೆ. ಒಬ್ನಿಗೆ ರಾತ್ರಿಯಿಂದ ಇರುವೆ ಕಾಣ್ತಾವೆ. ಡಾಕ್ಟ್ರು ಕೂತವ್ರೆ, ಅವ್ರೇನ್ ಮಾಡಾರು?"

ನಮ್ಮವರು ಅಂಗಿ ಎತ್ತಿ ಗಂಟಿಗೆ ಬೆರಳು ಹಾಕಿದರು. ಬಿಗಿದುಕೊಂಡ ಹಳೆಯ ಗಂಟು, ನನ್ನಿಂದಲೂ ಬಿಚ್ಚಲಾಗುತ್ತಿರಲಿಲ್ಲ. ಕತ್ತರಿ ತರಲು ತಿರುಗಿದವಳು ಅಲ್ಲೇ ನಿಂತೆ. ಅವರ ಕೈ ನಡುಗುತ್ತಿರಲಿಲ್ಲ. ಕಾಫಿ ಲೋಟ ಹಿಡಿಯಲಾರದ ಬೆರಳುಗಳು ಆ ಗಂಟನ್ನು ಒಂದೇ ಸಲಕ್ಕೆ ಬಿಚ್ಚಿದವು. ಆಕೆ ಬಂದು ನಿಂತದ್ದೇ ಸಾಕಾಗಿತ್ತು ಆ ಕೈಗೆ. ಇಷ್ಟು ವರ್ಷ ಬದುಕಿದ್ದೇನೆ, ಅಂಥ ಉರಿ ಇನ್ನೊಮ್ಮೆ ನನಗೆ ಆಗಲಿಲ್ಲ.

ಕೀಲಿಕೈ ಚಾಚಿದರು. ಆಕೆ ತೆಗೆದುಕೊಳ್ಳಲಿಲ್ಲ.

"ನಾನ್ ಇಸ್ಕಂಡು ಏನ್ಲಾ ಮಾಡ್ಲಿ? ಬಗ್ಸೋನು ನೀನು, ಎಸ್ರು ನಿಂದು. ಇಲ್ಲೇ ಇರೋನಾದ್ರೆ ಇದ್ಬುಡು, ನಾನು ಬ್ಯಾಡ ಅನ್ನಾಕಿಲ್ಲ. ಆ ಲೈಸನ್ಸ ಹಿಂದಕ್ಕೆ ಕೊಟ್ಬುಡಾನ. ಅವ್ರ್ನೆಲ್ಲ ಮನೆಗ್ ಕಳಿಸ್ಬುಡ್ತೀನಿ."

ಹೇಳಿದ್ದು ಅವರಿಗೆ. ನೋಡಿದ್ದು ನನ್ನನ್ನು. ಅವರೂ ನನ್ನನ್ನೇ ನೋಡಿದರು.

ಒಂದು ಮಾತು ಹೇಳಿದ್ದರೆ ಅವರು ಉಳಿಯುತ್ತಿದ್ದರು. ಬಾಗಿಲು ಹಾಕಿಕೊಂಡು, ನಡುಗುವ ಕೈಗೆ ನಾನೇ ಕಾಫಿ ಕುಡಿಸಿಕೊಂಡು, ಇವತ್ತೋ ನಾಳೆಯೋ ಮತ್ತೆ ಶುರುವಾಗುವ ಕುಡಿತವನ್ನು ಕಾಯುತ್ತ ಇರಬಹುದಿತ್ತು. ಅವರು ನನ್ನವರಾಗಿ ಇರುತ್ತಿದ್ದರು. ಮಳವಳ್ಳಿಯಲ್ಲಿ ಇರುವೆ ಕಾಣುತ್ತಿದ್ದವನ ಮುಖವನ್ನು ನಾನು ನೋಡಿರಲಿಲ್ಲ. ಆದರೆ ಆ ಇರುವೆಗಳನ್ನು ನಾನು ಬಲ್ಲೆ, ನನ್ನ ಗೋಡೆಯ ಮೇಲೂ ಅವು ಹರಿದಿದ್ದವು.

"ಹೊರಡಿ. ಬಸ್ಸಿಗೆ ಹೊತ್ತಾಯಿತು" ಎಂದೆ.

ಇದನ್ನು ದೊಡ್ಡ ಮನಸ್ಸು ಎಂದು ಯಾರೂ ತಿಳಿಯಬೇಕಾಗಿಲ್ಲ. ಅವರು ಬೀದಿಯ ತಿರುವು ದಾಟುವವರೆಗೆ ನೋಡುತ್ತ ನಿಂತಿದ್ದು, ಒಳಗೆ ಬಂದು ಆ ಕಾಫಿ ಲೋಟವನ್ನು ಬಚ್ಚಲಿಗೆ ಎಸೆದೆ. ಅವತ್ತು ಬೆಂಚಿನ ಮೇಲಿನ ಮೂವರೂ ಉಳಿದರು. ಲೈಸೆನ್ಸೂ ಉಳಿಯಿತು.

ಅಲ್ಲಿಂದಾಚೆ ನಮ್ಮ ಸಂಸಾರ ಭಾನುವಾರದ ಸಂಸಾರವಾಯಿತು. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಸಂಬಳವಿಲ್ಲದ ರಜೆ ಹಾಕಿದ್ದ ಮಂಡ್ಯದ ಕೆಲಸವನ್ನು ಅವರು ಬಿಟ್ಟೇಬಿಟ್ಟರು. ಅಂಗಡಿಯಮ್ಮನ ಹಿತ್ತಿಲ ಮಾವಿನ ಮರದ ಕೆಳಗೆ ಕೂತು ವಾರದ ಮಾತು ಆಡುತ್ತಿದ್ದೆವು. ಯಾರು ಬಂದರು, ಯಾರು ಹೋದರು, ಯಾರ ಹಗ್ಗ ಗಟ್ಟಿ. ಅಂಗಡಿಯಮ್ಮ ನಮ್ಮ ಹತ್ತಿರ ಬರುತ್ತಿರಲಿಲ್ಲ. ದೂರದಲ್ಲಿ ಯಾರನ್ನೋ ಜೋರಾಗಿ ಬೈಯುತ್ತಿದ್ದಳು. ನನಗೆ ಕೇಳಲೆಂದೇ ಬೈಯುತ್ತಾಳೆ ಎಂದುಕೊಳ್ಳುತ್ತಿದ್ದೆ. ಆರು ದಿನ ಆಕೆಗೆ, ಒಂದು ದಿನ ನನಗೆ. ಆ ಒಂದು ದಿನದಲ್ಲೂ ಆಕೆಯ ಗಂಟಲು...

ಆಮೇಲೆ ಆಕೆಯ ಕಾಲು ಊದಿಕೊಂಡಿತು. ಊತ ಹೊಟ್ಟೆಗೇರಿತು. ಡಾಕ್ಟರು ತಲೆಯಾಡಿಸಿದರು. ಒಂದು ಭಾನುವಾರ ನಾನು ಹೋದಾಗ ಆಕೆ ಹಜಾರದ ಮೂಲೆಯಲ್ಲಿ ಚಾಪೆಯ ಮೇಲಿದ್ದಳು. ನಮ್ಮವರನ್ನು ನೀರು ತರಲು ಕಳಿಸಿ, ನನ್ನನ್ನು ಹತ್ತಿರ ಕೂರಲು ಹೇಳಿದಳು.

"ನಾನೋದ್ ಮ್ಯಾಲೆ ನಿನ್ ಗಂಡನ್ನ ಕರ್ಕೊಂಡೋಗು. ಈಗ ಅವ್ನು ಎಲ್ಲಿದ್ರೂ ಕುಡಿಯಾಕಿಲ್ಲ."

ಸರಿ ಎಂದೆ.

"ನಿನ್ನ ಕಂಡ್ರೆ ನಂಗೆ ಬಲು ಹೊಟ್ಟೆಯುರಿ ಕಣ್ ತಾಯಿ" ಎಂದಳು.

ಆಕೆ ಉಸಿರು ಹಿಡಿದು ಹಿಡಿದು ಮಾತಾಡಿದಳು. "ವಾರವೆಲ್ಲ ನನ್ ಮಗನಂಗೆ ಇರೋನು. ಭಾನ್ವಾರ ಎದ್ರೆ ಆಯ್ತು, ಎಲ್ರಿಗಿಂತ ಮುಂಚೆ ಮಿಂದ್ಬುಡೋನು. ಬಾಗ್ಲ ಕಡೀಕೆ ಮಕ ಮಾಡ್ಕಂಡು ಹಗ್ಗ ಹೊಸ್ಯೋನು. ಆ ಬಸ್ಸಿನ ಸದ್ದು ಕೇಳುದ್ರೆ ನಾನೇನ್ ಕೂಗುದ್ರೂ ಅವ್ನ ಕಿವಿಗೆ ಬೀಳ್ತಿರ್ಲಿಲ್ಲ. ದಿಣ್ಣೇಲೇ ಕೆಟ್ ನಿಂತೋಗ್ಲಿ ಆ ಬಸ್ಸು ಅಂತ ಎಷ್ಟ್ ಸಲ ಅನ್ಕಂಡಿದೀನೋ..."

ನಮ್ಮವರು ನೀರು ತಂದರು. ಆಕೆ ಮಾತು ನಿಲ್ಲಿಸಿದಳು. ನಾನು ಸೊಟ್ಟಗಾಗಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದೆ.

ಸ್ವಾತಂತ್ರ್ಯ ಬಂದ ವರ್ಷ ಅದು. ಶಾಲೆಯಲ್ಲಿ ಹೊಸ ಬಾವುಟ ಏರಿಸುವಾಗ ಹೇಗೆ ಸಾಲಾಗಿ ನಿಲ್ಲಬೇಕೆಂದು ಮಕ್ಕಳಿಗೆ ಕಲಿಸುತ್ತಿದ್ದಾಗ ಸುದ್ದಿ ಬಂತು. ನಾನು ಹೋಗುವ ಹೊತ್ತಿಗೆ ನಮ್ಮವರು ಮೀಸೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ನಿಂತಿದ್ದರು. ಬೆಂಕಿ ಕೊಟ್ಟವರು ಅವರೇ. ಯಾವ ಯಾವ ಊರಿನಿಂದಲೋ ಬಂದ ಗಂಡಸರು ಸುತ್ತ ನಿಂತಿದ್ದರು. ಒಬ್ಬರೂ ಕುಡಿದಿರಲಿಲ್ಲ. ಸಾವಿನ ಮನೆಯಲ್ಲಿ ಅಷ್ಟು ಗಂಡಸರು ಕುಡಿಯದೆ ನಿಂತದ್ದನ್ನು ನಮ್ಮ ಸೀಮೆಯಲ್ಲಿ ನಾನು ಬೇರೆಲ್ಲೂ ನೋಡಲಿಲ್ಲ.

ಮನೆ ಆಕೆಯ ಗಂಡನ ದಾಯಾದಿಗಳಿಗೆ ಸೇರಿತು. ನಮ್ಮವರು ಮಂಡ್ಯಕ್ಕೆ ಹೋಗಿ ಲೈಸೆನ್ಸು ಹಿಂದಕ್ಕೆ ಕೊಟ್ಟರು. ಪೆಟ್ಟಿಗೆಯಲ್ಲಿ ಉಳಿದದ್ದನ್ನು ಅಬಕಾರಿಯವರ ಎದುರಿಗೆ ಅಂಗಳದಲ್ಲಿ ಚೆಲ್ಲಿ, ಬಟ್ಟೆಯ ಗಂಟು ಹೊತ್ತು ಮನೆಗೆ ಬಂದರು. ಆಮೇಲೆ ಮದ್ದೂರಿನ ಬೆಲ್ಲದ ಮಂಡಿಯಲ್ಲಿ ತೂಕದ ಕೆಲಸ ಮಾಡಿದರು. ಮಕ್ಕಳಾದರು. ಮತ್ತೆ ಕುಡಿಯಲಿಲ್ಲ, ಕೈಯೂ ನಡುಗಲಿಲ್ಲ. ಊರಿನವರು ಅದನ್ನೆಲ್ಲ ನನ್ನ ಶಿಸ್ತಿಗೆ ಸೇರಿಸಿ ಹೊಗಳಿದರು. ನಾನಲ್ಲ, ಮಳವಳ್ಳಿಯ ಅಂಗಡಿಯಮ್ಮ ಎಂದು ಪ್ರತಿ ಸಲವೂ ನಾನೇ ತಿದ್ದಬೇಕಾಗುತ್ತಿತ್ತು.

ಆಕೆ ಚಾಪೆಯ ಮೇಲೆ ಮಲಗಿ ಹೇಳಿದ್ದು ನಿಜವೋ, ಹೋಗುವಾಗ ನನಗೊಂದು ಸಮಾಧಾನವಿರಲಿ ಎಂದು ಹೇಳಿದ್ದೋ? ನಮ್ಮವರನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ. ನಾಳೆ ಕೇಳೋಣ, ಮುಂದಿನ ವರ್ಷ ಕೇಳೋಣ ಎಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸೂರಿನಡಿ ಕಳೆದೆವು. ಪ್ರತಿ ಭಾನುವಾರ ಅವರು ಎಲ್ಲರಿಗಿಂತ ಮುಂಚೆ ಮಿಂದು, ಬಾಗಿಲ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಅಡುಗೆಮನೆಯಲ್ಲೇ ಇರುತ್ತಿದ್ದೆ. ಯಾರ ದಾರಿ ನೋಡುತ್ತಿದ್ದರೋ...

ಈಗ ಅವರೂ ಇಲ್ಲ. ಹೇಳಬಲ್ಲವರು ಅವರಿಬ್ಬರೇ ಇದ್ದರು.